ಪಠ್ಯಪುಸ್ತಕದ ಒಡೆತನ

ಗ್ರಂಥಸ್ವಾಮ್ಯದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಕವಿಗಳಿಂದಲೋ ಕಾದಂಬರಿಕಾರರಿಂದಲೋ ಮೊದಲುಮಾಡುತ್ತಾರೆ. ನಮ್ಮ ದೇಶದ ಮಟ್ಟಿಗೆ ಅದನ್ನು ವಿದ್ಯಾರ್ಥಿಯ ಚೀಲದಿಂದ ಮೊದಲುಮಾಡುವುದೇ ಮೇಲೆಂದು ನನ್ನ ಎಣಿಕೆ. ತಾನಾಗಿ ಕಾವ್ಯ ಕೊಳ್ಳುವವರು ನೂರು ಮಂದಿಯಾದರೆ, ಪರೀಕ್ಷೆಗೆ ಗೊತ್ತಾದ ಕಾವ್ಯವನ್ನು ಬೇಡವೆಂದರೂ ಕೊಳ್ಳಬೇಕಾದವರು ಸಾವಿರಾರು ಮಂದಿ. ಹಣ ಓಡಾಡುವ ಕಡೆ ವ್ಯಾಜ್ಯವೂ ಓಡಾಡುತ್ತದೆ.

ಪಾಲ್‌ಗ್ರೇವ್ ಎಂಬ ಆಂಗ್ಲ ವಿದ್ವಾಂಸ 1861ರಲ್ಲಿ ‘ಗೋಲ್ಡನ್ ಟ್ರೆಷರಿ’ ಎಂಬ ಕವನಸಂಗ್ರಹವನ್ನು ಹೊರತಂದ. ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ಓದಿದ ಕನ್ನಡಿಗರಿಗೆ ಅದು ಪೂರ್ತಿ ಅಪರಿಚಿತವಲ್ಲ. ಅಲ್ಲಿನ ಹಲವು ಗೀತೆಗಳ ಮೂಲ ಈ ಸಂಗ್ರಹದಲ್ಲಿದೆ. ಬದುಕಿದ್ದ ಕವಿಗಳನ್ನು ಪಾಲ್‌ಗ್ರೇವ್ ಸೇರಿಸಿರಲಿಲ್ಲ. ಕಲ್ಕತ್ತೆಯ ಸುರೇಶಚಂದ್ರ ದೇವ್ ಎಂಬವರು ಅದೇ ಆಯ್ಕೆಯ ಕವನಗಳನ್ನು ಟಿಪ್ಪಣಿಗಳೊಡನೆ ಅಚ್ಚುಹಾಕಿದಾಗ ಮ್ಯಾಕ್‌ಮಿಲನ್ ಕಂಪೆನಿ ದಾವೆ ಹೂಡಿತು. ಸತ್ತ ಕವಿಗಳ ಹಾಡಿಗೆ ಒಡೆಯರು ಯಾರು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. 1890ರಲ್ಲಿ ಕಲ್ಕತ್ತ ಹೈಕೋರ್ಟು ಹೇಳಿದ್ದು ಬೇರೆ: ಹಾಡು ಎಲ್ಲರದಾದರೂ ಆಯ್ಕೆ ಪಾಲ್‌ಗ್ರೇವನದು, ನೂರಾರು ಕವನ ಓದಿ, ತೂಗಿ, ಇಷ್ಟನ್ನು ಆರಿಸಿದ ಅಭಿರುಚಿಗೂ ಸ್ವಾಮ್ಯವುಂಟು. ಹೂವು ತೋಟದ್ದಾದರೂ ಮಾಲೆ ಕಟ್ಟಿದವನ ಕೈಯನ್ನು ಮರೆಯಬಾರದೆಂಬ ನ್ಯಾಯ.

ಎರಡನೆಯ ವ್ಯಾಜ್ಯ ಇನ್ನೂ ಸ್ವಾರಸ್ಯದ್ದು, ನಮಗೆ ಹತ್ತಿರದ್ದು ಕೂಡ. ಪ್ಲೂಟಾರ್ಕನ ಅಲೆಕ್ಸಾಂಡರ್ ಚರಿತ್ರೆಯನ್ನು ಸರ್ ಥಾಮಸ್ ನಾರ್ತ್ 1579ರಲ್ಲಿ ಇಂಗ್ಲಿಷಿಗೆ ತಂದಿದ್ದ, ಅದೂ ಗ್ರೀಕಿನಿಂದಲ್ಲ, ಫ್ರೆಂಚ್ ಅನುವಾದದಿಂದ. (ಶೇಕ್ಸ್‌ಪಿಯರ್ ತನ್ನ ರೋಮನ್ ನಾಟಕಗಳಿಗೆ ಇದೇ ನಾರ್ತನಿಂದ ಧಾರಾಳವಾಗಿ ಎತ್ತಿಕೊಂಡ. ಅವನ ಮೇಲೆ ದಾವೆ ಹೂಡುವ ಕಾಯಿದೆ ಆಗ ಇರಲಿಲ್ಲ!) ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಷನ್ನಿಗೆ ಈ ಚರಿತ್ರೆ ಪಠ್ಯವಾಯಿತು. ಧಾರವಾಡ, ಬೆಳಗಾವಿಗಳ ನಮ್ಮ ಹುಡುಗರು ಕಟ್ಟುತ್ತಿದ್ದುದೂ ಅದೇ ಪರೀಕ್ಷೆಗೆ. ಮ್ಯಾಕ್‌ಮಿಲನ್ನಿನವರು ಹುಡುಗರಿಗೆ ತಕ್ಕದ್ದಲ್ಲದ ಭಾಗಗಳನ್ನು ಬಿಟ್ಟು, ನಡುನಡುವೆ ಕೆಲವು ಮಾತಿನ ಬೆಸುಗೆ ಹಾಕಿ, ಟಿಪ್ಪಣಿ ಸೇರಿಸಿ ಒಂದು ಸಂಕ್ಷೇಪ ಪ್ರಕಟಿಸಿದರು. ಹಿಂದೆಯೇ ಮುಂಬಯಿಯ ಕೂಪರ್ ಸಂಸ್ಥೆಯೂ ಬಹುಮಟ್ಟಿಗೆ ಅದನ್ನೇ ಹೋಲುವ ಪುಸ್ತಕ ತಂದಿತು. ವ್ಯಾಜ್ಯ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. 1923ರ ಡಿಸೆಂಬರಿನಲ್ಲಿ ಲಾರ್ಡ್ ಅಟ್ಕಿನ್‌ಸನ್ ಕೊಟ್ಟ ತೀರ್ಪು ನೋಡಿ: ಹಳೆಯ ಗ್ರಂಥದ ಕೆಲವು ಭಾಗ ಕೈಬಿಟ್ಟು ಉಳಿದದ್ದನ್ನು ಪೋಣಿಸಿದ ಮಾತ್ರಕ್ಕೆ ಅದು ಹೊಸ ಕೃತಿಯಾಗದು, ಆದರೆ ಟಿಪ್ಪಣಿ ಬರೆಯಲು ಪಾಂಡಿತ್ಯ ಬೇಕು, ಅದನ್ನು ನಕಲುಮಾಡಿದ್ದು ತಪ್ಪು. ಪಠ್ಯ ಊರಿನ ಬಾವಿ, ಟಿಪ್ಪಣಿ ಮನೆಯ ಕೊಡ ಎಂದಂತಾಯಿತು. ಇದಕ್ಕಿಂತ ಒಪ್ಪುವ ವಿಂಗಡಣೆಯನ್ನು ನಾನು ಕಂಡಿಲ್ಲ.

ಆದರೆ ಈ ಎರಡು ವ್ಯಾಜ್ಯಗಳಲ್ಲಿಯೂ ಜಗಳವಾಡಿದವರು ಪ್ರಕಾಶಕರೇ. ಪುಸ್ತಕ ಯಾರಿಗಾಗಿಯೋ ಆ ವಿದ್ಯಾರ್ಥಿ ನ್ಯಾಯಾಸ್ಥಾನದ ಬಾಗಿಲ ಹೊರಗೇ ಉಳಿದ. ವಿಚಿತ್ರವೆಂದರೆ, ಇಂಗ್ಲೆಂಡಿನಲ್ಲಿ 1710ರಲ್ಲಿ ಜಾರಿಗೆ ಬಂದ ಗ್ರಂಥಸ್ವಾಮ್ಯದ ಮೊದಲ ಶಾಸನ ತನ್ನ ಉದ್ದೇಶವೆಂದು ಸಾರಿದ್ದು ವಿದ್ಯೆಯ ಪ್ರೋತ್ಸಾಹವನ್ನೇ. ಸ್ವತಂತ್ರ ಭಾರತದ 1957ರ ಕಾಯಿದೆ ವಿದ್ಯಾರ್ಥಿಗೆ ಸ್ವಲ್ಪ ಜಾಗ ಮಾಡಿಕೊಟ್ಟಿತು: ಬೋಧನೆಯ ಸಂದರ್ಭದಲ್ಲಿ ಅಧ್ಯಾಪಕನೋ ವಿದ್ಯಾರ್ಥಿಯೋ ಕೃತಿಯನ್ನು ಪ್ರತಿಮಾಡಿದರೆ ಅದು ಸ್ವಾಮ್ಯಭಂಗವಲ್ಲ. ಪ್ರಶ್ನಪತ್ರಿಕೆಗೂ ಉತ್ತರಕ್ಕೂ ಇದೇ ರಿಯಾಯಿತಿ. ಪಠ್ಯಸಂಕಲನದ ಪ್ರಕಾಶಕನಿಗಾದರೋ ಅಳತೆ ಬಿಗಿ. ಒಬ್ಬ ಲೇಖಕನ ಎರಡಕ್ಕಿಂತ ಹೆಚ್ಚು ಭಾಗಗಳನ್ನು ಅವನು ಐದು ವರ್ಷದೊಳಗೆ ಅನುಮತಿಯಿಲ್ಲದೆ ಬಳಸುವಂತಿಲ್ಲ.

‘ಬೋಧನೆಯ ಸಂದರ್ಭ’ ಎಂದರೆ ಎಷ್ಟು ದೂರ? ಕಪ್ಪುಹಲಗೆಯ ಕಾಲದಲ್ಲಿ ಯಾರೂ ಕೇಳಲಿಲ್ಲ. ಜೆರಾಕ್ಸ್ ಯಂತ್ರ ಬಂದಮೇಲೆ ಕೇಳಲೇಬೇಕಾಯಿತು. ದೆಹಲಿ ಸ್ಕೂಲ್ ಆಫ್ ಇಕನಾಮಿಕ್ಸ್ ಆವರಣದ ರಾಮೇಶ್ವರಿ ಎಂಬ ಪುಟ್ಟ ಜೆರಾಕ್ಸ್ ಅಂಗಡಿ, ಅಧ್ಯಾಪಕರು ಗೊತ್ತುಮಾಡಿದ ಅಧ್ಯಾಯಗಳನ್ನು ಕಟ್ಟಾಗಿ ಹೊಲಿದು ಮಾರುತ್ತಿತ್ತು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ಪ್ರಕಾಶನಗಳೂ ಟೇಲರ್ ಅಂಡ್ ಫ್ರಾನ್ಸಿಸ್ ಸಂಸ್ಥೆಯೂ ಅದರ ಮೇಲೆ, ವಿಶ್ವವಿದ್ಯಾಲಯದ ಮೇಲೆ ದಾವೆ ಹೂಡಿದವು. ಈ ಸಲ ವಿದ್ಯಾರ್ಥಿಗಳು ಸುಮ್ಮನಿರಲಿಲ್ಲ; ಸಂಘ ಕಟ್ಟಿಕೊಂಡು ತಾವೂ ಪಕ್ಷಗಾರರಾದರು. ದಾವೆ ಕೈಬಿಡಬೇಕೆಂದು ಅಮರ್ತ್ಯ ಸೇನರು ಆಕ್ಸ್‌ಫರ್ಡಿಗೆ ಪತ್ರ ಬರೆದರು.

2016ರ ಸೆಪ್ಟೆಂಬರ್ 16ರಂದು ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ದಾವೆಯನ್ನು ವಜಾಮಾಡಿದರು. ಹಿಂದೆ ವಿದ್ಯಾರ್ಥಿಗಳು ಗ್ರಂಥಾಲಯದಲ್ಲಿ ಕುಳಿತು ಪುಟಗಟ್ಟಲೆ ಕೈಯಿಂದ ಬರೆದುಕೊಳ್ಳುತ್ತಿದ್ದುದನ್ನು ಅವರು ನೆನೆದರು. ಕೈಯಲ್ಲಿ ನ್ಯಾಯವಾದದ್ದು ಯಂತ್ರದಲ್ಲಿ ಅನ್ಯಾಯವಾಗದು ಎಂಬುದು ವಾದದ ಸಾರ. ಗ್ರಂಥಸ್ವಾಮ್ಯವು ದೈವದತ್ತವಾದ ಹಕ್ಕಲ್ಲವೆಂದೂ ಹೇಳಿದರು. ಬರಹದಿಂದಲೇ ಅನ್ನ ಹುಟ್ಟಬೇಕಾದ ಲೇಖಕನಿಗೆ ಈ ಮಾತು ಕಹಿಯಾಗಿ ಕೇಳಿಸಬಹುದು. ಅವನ ಸಂಕಟ ಸುಳ್ಳಲ್ಲ. ಆದರೆ ಒಂದು ಅಧ್ಯಾಯಕ್ಕಾಗಿ ವಿದೇಶದ ಬೆಲೆ ತೆತ್ತು ಇಡೀ ಗ್ರಂಥ ಕೊಳ್ಳುವ ಶಕ್ತಿ ನಮ್ಮ ವಿದ್ಯಾರ್ಥಿಗೆ ಇಲ್ಲವೆಂಬುದೂ ಅಷ್ಟೇ ನಿಜ. ಅವನು ಕೊಳ್ಳುವುದಿಲ್ಲ, ಓದದೆ ಉಳಿಯುತ್ತಾನೆ.

ಮೇಲ್ಮನವಿ ಕೇಳಿದ ವಿಭಾಗೀಯ ಪೀಠ ಡಿಸೆಂಬರಿನಲ್ಲಿ ತತ್ತ್ವವನ್ನು ಒಪ್ಪಿತು. ಇಷ್ಟು ಪುಟ, ಇಷ್ಟು ಪಾಲು ಎಂಬ ಲೆಕ್ಕ ಹಾಕದೆ, ಬೋಧನೆಗೆ ಬೇಕಾದಷ್ಟು ಎಂಬುದೇ ಅಳತೆ ಎಂದಿತು. ಆ ಕಟ್ಟುಗಳಲ್ಲಿದ್ದ ಅಧ್ಯಾಯಗಳು ನಿಜವಾಗಿ ಅಷ್ಟು ಬೇಕಾಗಿದ್ದವೇ ಎಂಬುದನ್ನು ಮಾತ್ರ ಸಾಕ್ಷ್ಯ ಪಡೆದು ವಿಚಾರಿಸಲೆಂದು ಹಿಂದಕ್ಕೆ ಕಳುಹಿಸಿತು. ಆ ವಿಚಾರಣೆ ನಡೆಯಲೇ ಇಲ್ಲ. 2017ರ ಮಾರ್ಚಿನಲ್ಲಿ ಪ್ರಕಾಶಕರು ದಾವೆಯನ್ನೇ ಹಿಂದಕ್ಕೆ ತೆಗೆದುಕೊಂಡರು.