ಪಾತ್ರಧಾರಿ ರೋಗಿ ಮತ್ತು ಸಹಾನುಭೂತಿಯ ಮೌಲ್ಯಮಾಪನ: ಹುದಿಕೇರಿಯ ಕಡೆಯಿಂದ ಒಂದು ವಿಚಾರ

ವೈದ್ಯ ವಿದ್ಯಾರ್ಥಿಗಳ ಸಹಾನುಭೂತಿ ಅಳೆಯಲು ವ್ಯಾಪಕ ಬಳಕೆಯಲ್ಲಿರುವ ಜೆಫರ್ಸನ್ ಮಾಪನದಲ್ಲಿ 20 ಹೇಳಿಕೆಗಳಿವೆ. ಒಂದೊಂದಕ್ಕೂ 1ರಿಂದ 7ರವರೆಗೆ ಅಂಕ. ಅಂಕ ಹಾಕಿಕೊಳ್ಳುವುದು ವಿದ್ಯಾರ್ಥಿಯೇ. ಅವರ ಕಾಳಜಿ ರೋಗಿಗೆ ತಲುಪಿತೇ ಎಂಬುದು ಅದರಿಂದ ತಿಳಿಯದು. ಅದನ್ನು ಹೇಳಬಲ್ಲವರು ರೋಗಿಯಂತೆ ನಟಿಸಲು ತರಬೇತಿ ಪಡೆದ ಪಾತ್ರಧಾರಿ ರೋಗಿ. 1963ರಲ್ಲಿ ಲಾಸ್ ಏಂಜಲೀಸ್‌ನ ನರರೋಗ ತಜ್ಞ ಹೊವಾರ್ಡ್ ಬ್ಯಾರೋಸ್ ಆರಂಭಿಸಿದ ಈ ಕ್ರಮಕ್ಕೆ, 1975ರಲ್ಲಿ ಡಂಡಿಯ ರೊನಾಲ್ಡ್ ಹಾರ್ಡನ್ ರೂಪಿಸಿದ ಓಸ್ಕಿ ಎಂಬ ವೈದ್ಯಕೀಯ ಕೌಶಲ ಪರೀಕ್ಷೆ ಗಟ್ಟಿ ನೆಲೆ ಒದಗಿಸಿತು. ಭಾರತದಲ್ಲಿ 2019ರಿಂದ ಎಂಬಿಬಿಎಸ್ ಸೇರಿದವರಿಗೆ ನಡವಳಿಕೆ, ನೀತಿ, ಸಂವಹನದ ಪಾಠ ಕಡ್ಡಾಯ. 2016ರಲ್ಲಿ ಆರಂಭವಾದ ಮಡಿಕೇರಿಯ ವೈದ್ಯಕೀಯ ಕಾಲೇಜಿಗೂ ಇದು ಅನ್ವಯಿಸುತ್ತದೆ.

ನನ್ನ ತಕರಾರು ಪಾತ್ರದ ಆಯ್ಕೆಯ ಬಗ್ಗೆ. ತನ್ನ ನೋವನ್ನು ನಿರರ್ಗಳವಾಗಿ ವಿವರಿಸುವ ರೋಗಿಯ ಎದುರು ‘ನಿಮಗೆ ತುಂಬ ಕಷ್ಟವಾಗಿರಬೇಕು’ ಎಂದು ಬಾಯಿಪಾಠ ಒಪ್ಪಿಸಿದವರಿಗೂ ಅಂಕ ದಕ್ಕುತ್ತದೆ. ಕೊಡಗಿನ ಹುದಿಕೇರಿ ಸುತ್ತಿನ ಕಾಫಿ ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುವ ಯರವ ಬುಡಕಟ್ಟಿನ ಹೆಣ್ಣುಮಗಳನ್ನು ಆ ರೋಗಿಯ ಕುರ್ಚಿಯಲ್ಲಿ ಕೂರಿಸಿ ನೋಡಬೇಕು. ಮನೆಮಾತು ಕನ್ನಡವಲ್ಲ. ಕೇಳಿದ್ದಕ್ಕೆ ಜೊತೆಗೆ ಬಂದವರೇ ಉತ್ತರ ಕೊಟ್ಟುಬಿಡುತ್ತಾರೆ. ಕಾಯಿಲೆ ಸಿಕಲ್ ಸೆಲ್ ಎಂದಿಟ್ಟುಕೊಳ್ಳೋಣ. ಯರವರಲ್ಲಿ, ಜೇನು ಕುರುಬರಲ್ಲಿ ಇದು ದಾಖಲಾಗಿದೆ. ಕುಡುಗೋಲಿನಂತೆ ಬಾಗಿದ ಕೆಂಪು ರಕ್ತಕಣಗಳು ಸಣ್ಣ ರಕ್ತನಾಳಗಳನ್ನು ಕಟ್ಟಿದಾಗ ಮೂಳೆಯೊಳಗೆ ತಡೆಯಲಾಗದ ನೋವು. ಚಳಿ, ನೀರಿನ ಕೊರತೆ, ಅತಿ ದುಡಿಮೆ ಅದನ್ನು ಕೆರಳಿಸುತ್ತವೆ. ಕಾಫಿ ಕೊಯ್ಲು ಬರುವುದೂ ಚಳಿಗಾಲದಲ್ಲೇ. ಹೊರಗೆ ಗಾಯವಿಲ್ಲ, ಬಾವಿಲ್ಲ. ಕೆಲಸಗಳ್ಳತನವೆಂಬ ಅನುಮಾನ ಸುಲಭವಾಗಿ ಹುಟ್ಟುತ್ತದೆ. ಕೂಲಿ ಹೋಗುತ್ತದೆಂಬ ಭಯ ಆಕೆಗೆ. ಇಲ್ಲಿ ವಿದ್ಯಾರ್ಥಿ ಕಾಯುತ್ತಾರೆಯೇ, ಜೊತೆಯವರನ್ನು ಬಿಟ್ಟು ಆಕೆಯತ್ತ ತಿರುಗುತ್ತಾರೆಯೇ, ನೋವನ್ನು ನಂಬುತ್ತಾರೆಯೇ ಎಂಬುದೇ ಪರೀಕ್ಷೆ. ಸದ್ಯದ ಅಂಕಪಟ್ಟಿಗಳಲ್ಲಿ ಮೌನಕ್ಕೆ ಜಾಗ ತೀರ ಕಡಿಮೆ.

ಈ ಪಾತ್ರವನ್ನು ಆ ಸಮುದಾಯದವರೇ, ಸಂಭಾವನೆ ಪಡೆದು, ಪಾತ್ರ ರಚನೆಯಲ್ಲೂ ಪಾಲ್ಗೊಂಡು ಮಾಡಬೇಕು. ಬೇರೆಯವರು ವೇಷ ಹಾಕಿದರೆ ಅದು ಅಣಕವಾದೀತು. ಒಂದೇ ಪ್ರಸಂಗದಿಂದ ತೀರ್ಪು ಕೊಡುವುದೂ ಸಲ್ಲದು: ಒಬ್ಬ ರೋಗಿಯೊಡನೆ ಮೃದುವಾಗಿದ್ದವರು ಇನ್ನೊಬ್ಬರೊಡನೆ ಒರಟಾಗಬಹುದು. ಪಾತ್ರಧಾರಿ ಕೊಟ್ಟ ಅಂಕ, ಅಧ್ಯಾಪಕರು ಕೊಟ್ಟ ಅಂಕ ಎರಡನ್ನೂ ಕೂಡಿಸಿ ಸರಾಸರಿ ತೆಗೆಯದೆ ಬೇರೆ ಬೇರೆಯಾಗಿ ದಾಖಲಿಸಬೇಕು. ಅವೆರಡು ಹೆಚ್ಚು ದೂರವಾದಲ್ಲೇ ವಿದ್ಯಾರ್ಥಿಯನ್ನು ಕೂರಿಸಿಕೊಂಡು, ಪಾತ್ರಧಾರಿಯ ಸಮ್ಮುಖದಲ್ಲೇ, ಚರ್ಚೆ ನಡೆಸಬೇಕು.