ಹೆಬ್ಬಾರರದ್ದಾ, ಅಲ್ಲವಾ?

ಕಾರ್ಕಳದ ಗೆಳೆಯನ ಮನೆಯಲ್ಲಿ ಒಂದು ಪೆನ್ಸಿಲ್ ಚಿತ್ರವಿದೆ, ಅಂಗೈಯಷ್ಟೇ ದೊಡ್ಡದು. ಕಾಪುವಿನ ಕಡಲು, ಬಂಡೆ, ಅದರ ಮೇಲೆ ದೀಪಸ್ತಂಭ, ಈಚೆ ಮರಳಲ್ಲಿ ಮೂರು ದೋಣಿ. ಸಹಿ ಇಲ್ಲ. "ಕೆ.ಕೆ. ಹೆಬ್ಬಾರರದ್ದು ಮಾರಾಯ, ಮನೆಯಲ್ಲಿ ಎಲ್ಲರೂ ಹಾಗೇ ಹೇಳುವುದು" ಅಂದ. ಮಾರಿದರೆ ಸೋರುವ ಮಾಡಿನ ರಿಪೇರಿಗಾದೀತು ಅನ್ನುವ ಆಸೆ ಅವನಿಗೆ.

ನಂಬಲು ಕಷ್ಟವೇನಿಲ್ಲ. ಕಟ್ಟಿಂಗೇರಿ ಕೃಷ್ಣ ಹೆಬ್ಬಾರ್ ಹುಟ್ಟಿದ್ದು 1911ರಲ್ಲಿ. ಅವರ ಕಟ್ಟಿಂಗೇರಿ ಕಾಪುವಿಗೇನೂ ದೂರವಲ್ಲ, ಉಡುಪಿಗೂ ಅಲ್ಲ. ದೀಪಸ್ತಂಭ 1901ರದ್ದು. ಅಂದರೆ ಅವರು ಹುಟ್ಟುವಾಗಲೇ ಅದಕ್ಕೆ ಹತ್ತು ವರ್ಷ. ಕಾರ್ಕಳದ ಗೊಮ್ಮಟನಾದರೆ 1432 ಅಂತ ಶಾಸನವನ್ನೇ ಇಟ್ಟುಕೊಂಡು ನಿಂತಿದ್ದಾನೆ, ನಮ್ಮ ಚಿತ್ರಕ್ಕೆ ಆ ಭಾಗ್ಯವಿಲ್ಲ :)

ಗೆರೆ ನೋಡೋಣ ಅಂದುಕೊಂಡೆ. ಹೆಬ್ಬಾರರ ಗೆರೆ ಹಾಡುತ್ತದೆ ಅನ್ನುತ್ತಾರೆ. ಅವರ ರೇಖಾಚಿತ್ರಗಳ ಪುಸ್ತಕದ ಹೆಸರೇ 'ದಿ ಸಿಂಗಿಂಗ್ ಲೈನ್'. ಲಯ ಮೈಗೆ ಹತ್ತಲಿ ಅಂತ ಕಥಕ್ ಕಲಿತ ಮನುಷ್ಯ. ಈ ಚಿತ್ರದ ಗೆರೆ ಮಾತ್ರ ನಿಂತು ನಿಂತು ಹೋಗುತ್ತದೆ, ಕ್ಷಿತಿಜಕ್ಕೆ ಸ್ಕೇಲು ಇಟ್ಟ ಹಾಗಿದೆ. ಆದರೂ ಇದನ್ನು ಸಾಕ್ಷಿ ಅನ್ನಲಾರೆ. ಮುಂಬಯಿಯ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸೇರುವ ಮೊದಲು ಅವರೂ ಊರ ಹುಡುಗನೇ ತಾನೆ? ಎಳೆಯ ಕೈ ತಡವರಿಸಿದ್ದೀತು.

ಕೊನೆಗೆ ಫ್ರೇಮು ಬಿಚ್ಚಿದೆವು. ನಮ್ಮ ಕಸುಬಿನಲ್ಲಿ ಫೈಲಿನ ಪ್ರಾಪರ್ಟೀಸ್ ನೋಡುತ್ತೇವಲ್ಲ, ಹಾಗೆ. ಹಿಂಬದಿಯಲ್ಲಿ ಯಾವುದೋ ಅರ್ಜಿ ನಮೂನೆಯ ಅಚ್ಚು, ಕತ್ತರಿಸಿ ಉಳಿದಷ್ಟು: "...ಕಳ ತಾಲೂಕು, ಉಡುಪಿ ಜಿಲ್ಲೆ".

ಉಡುಪಿ ಜಿಲ್ಲೆಯಾದದ್ದು 1997ರ ಆಗಸ್ಟ್‌ನಲ್ಲಿ. ಅಲ್ಲಿವರೆಗೆ ಕಾರ್ಕಳ ದಕ್ಷಿಣ ಕನ್ನಡದ್ದು. ಹೆಬ್ಬಾರ್ ತೀರಿಕೊಂಡದ್ದು 1996ರ ಮಾರ್ಚ್‌ನಲ್ಲಿ.

ಗೆಳೆಯ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಾಡಿಗೆ ಇನ್ನು ಸೊಸೈಟಿ ಸಾಲವೇ ಗತಿ.

ನನಗೆ ಚಿತ್ರದ ಮೇಲಿನ ಆಸಕ್ತಿ ಶುರುವಾದದ್ದೇ ಆಮೇಲೆ. ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವಾಗ ನಾವು ಕಾಪುವಿಗೆ ಹೋಗುತ್ತಿದ್ದದ್ದು ಡಿಸೆಂಬರ್ ಸಂಜೆಗಳಲ್ಲಿ, ಸೂರ್ಯ ಮುಳುಗುವುದನ್ನು ನೋಡಲು. ಇಲ್ಲಿ ಸೂರ್ಯನೇ ಇಲ್ಲ. ದೋಣಿಗಳನ್ನು ತೆಂಗಿನ ಬುಡದವರೆಗೆ ಎಳೆದು ಮಡಲು ಮುಚ್ಚಿದ್ದಾರೆ, ಬಂಡೆಯ ಈಚೆಗೂ ನೀರು ಬಂದಿದೆ. ಇದು ಮಳೆಗಾಲ, ಮೀನಿಗೆ ಹೋಗದ ದಿನಗಳು. ಪ್ರವಾಸಿಗಳು ಆಗ ಅಲ್ಲಿ ಕೂತು ಚಿತ್ರ ಬಿಡಿಸುವುದಿಲ್ಲ. ಬಿಡಿಸಿದವರು ಆ ಕಡಲನ್ನು ವರ್ಷವಿಡೀ ಕಂಡವರು.

1997ರ ನಂತರ ಮಳೆಗಾಲದಲ್ಲಿ ಕಾಪುವಿನಲ್ಲಿ ಇದ್ದವರು ಯಾರು ಅಂತ ಗೆಳೆಯ ಈಗ ಮನೆಮಂದಿಯ ಪಟ್ಟಿ ಮಾಡುತ್ತಿದ್ದಾನೆ. ಅಲ್ಲಿಗೆ ಮದುವೆಯಾಗಿ ಹೋದ ದೊಡ್ಡಮ್ಮನ ಹೆಸರು ಸದ್ಯಕ್ಕೆ ಮೇಲಿದೆ.