ನಲವತ್ತೆಂಟು ಮತಗಳ ಅಂತರ

ಜೋಗೇಶ್ವರಿ–ವಿಕ್ರೋಳಿ ಲಿಂಕ್ ರೋಡಿನಲ್ಲಿ ಪವಾಯಿಯ ಐಐಟಿ ಸಿಗುತ್ತದೆ. ಅದೇ ರಸ್ತೆ ಹಿಡಿದು ಪಶ್ಚಿಮಕ್ಕೆ ಹೋದರೆ ಹೈವೇ, ಅದರ ಬದಿಗೆ ಗೋರೆಗಾಂವಿನ ನೆಸ್ಕೋ. ನಮ್ಮ ಮತಯಂತ್ರದ ರೂಪ ವಿನ್ಯಾಸ ಮಾಡಿದವರು ಈ ಐಐಟಿಯ ಇಂಡಸ್ಟ್ರಿಯಲ್ ಡಿಸೈನ್ ಸೆಂಟರಿನ ಅಧ್ಯಾಪಕರು. ತಯಾರಿಸಿದ್ದು ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್.

2024ರ ಜೂನ್ 4ರಂದು ನೆಸ್ಕೋದಲ್ಲಿ ಮುಂಬಯಿ ವಾಯವ್ಯ ಲೋಕಸಭಾ ಕ್ಷೇತ್ರದ ಎಣಿಕೆ ನಡೆಯಿತು. ಯಂತ್ರಗಳ ಲೆಕ್ಕದಲ್ಲಿ ಅಮೋಲ್ ಕೀರ್ತಿಕರ್‌ಗೆ 4,51,095, ರವೀಂದ್ರ ವಾಯಕರ್‌ಗೆ 4,51,094. ಅಂದರೆ ಒಂದೇ ಮತದ ಅಂತರ! ಅಂಚೆ ಮತಗಳಲ್ಲಿ ಕೀರ್ತಿಕರ್‌ಗೆ 1,501, ವಾಯಕರ್‌ಗೆ 1,550 ಬಂದವು. ವಾಯಕರ್ 48 ಮತಗಳಿಂದ ಗೆದ್ದರು. ಯಂತ್ರದ ಕಾಲದಲ್ಲೂ ಕೊನೆಯ ಮಾತು ಕಾಗದದ್ದೇ ಆಯಿತು.

ಮುಂದಿನ ಕೆಲವು ದಿನ ಊರೆಲ್ಲ ಮಾತಾಡಿದ್ದು ಮಾತ್ರ ಒಂದು ಮೊಬೈಲಿನ ಬಗ್ಗೆ. ಒಟಿಪಿಯಿಂದ ಯಂತ್ರ ತೆರೆಯಬಹುದೆಂದು ಪತ್ರಿಕೆಯೊಂದು ಬರೆಯಿತು. ಯಂತ್ರಕ್ಕೆ ಯಾವ ಸಂಪರ್ಕವೂ ಇಲ್ಲ, ಒಟಿಪಿಯೂ ಬೇಕಿಲ್ಲ ಎಂದು ಚುನಾವಣಾಧಿಕಾರಿ ಹೇಳಿದರು, ಪತ್ರಿಕೆ ತಪ್ಪೊಪ್ಪಿಕೊಂಡಿತು. ಈ ಗದ್ದಲದಲ್ಲಿ ಹೆಚ್ಚು ಗಮನಿಸಬೇಕಾಗಿದ್ದ ಸಂಗತಿ ಮರೆಯಾಯಿತು ಎಂದು ನನಗನ್ನಿಸುತ್ತದೆ. ಕೀರ್ತಿಕರ್ ಹೈಕೋರ್ಟಿಗೆ ಹೋದಾಗ ಅವರ ಅರ್ಜಿಯಲ್ಲಿದ್ದದ್ದು 333 ಮತದಾರರ ಹೆಸರಿನಲ್ಲಿ ಬೇರೆಯವರು ಮತ ಹಾಕಿದ್ದಾರೆಂಬ ದೂರು.

ಈ ದೂರಿಗೆ ಆಧಾರ ಒದಗಿಸಿದವರು ಮತದಾರರೇ. ಮತಗಟ್ಟೆಗೆ ಹೋದಾಗ 'ನಿಮ್ಮ ಮತ ಆಗಲೇ ಆಗಿದೆ' ಎಂದರೆ ನಮ್ಮಲ್ಲಿ ಬಹಳಷ್ಟು ಜನ ಗೊಣಗುತ್ತಾ ಮನೆಗೆ ಬರುತ್ತೇವೆ. ನಿಯಮ 49ಪಿ ಪ್ರಕಾರ, ತಾನು ತಾನೇ ಎಂದು ಅಧಿಕಾರಿಗೆ ಮನವರಿಕೆ ಮಾಡಿಕೊಟ್ಟವರಿಗೆ ಕಾಗದದ ಮತಪತ್ರ ಸಿಗುತ್ತದೆ. ಅದೇ ಟೆಂಡರ್ಡ್ ವೋಟ್. ನಮೂನೆ 17ಬಿಯಲ್ಲಿ ಸಹಿ ಹಾಕಬೇಕು. ಆ ಮತ ಲಕೋಟೆಯಲ್ಲಿ ಮುದ್ರೆಯಾಗಿ ಉಳಿಯುತ್ತದೆ, ಎಣಿಕೆಗೆ ಬರುವುದಿಲ್ಲ. ಆದರೆ ಕುರುಹು ಉಳಿಯುತ್ತದೆ. 2024ರ ಡಿಸೆಂಬರಿನಲ್ಲಿ ಹೈಕೋರ್ಟ್ ಅರ್ಜಿಯನ್ನು ವಜಾ ಮಾಡಿತು.

ಯಂತ್ರದ ಮೊದಲ ಪ್ರಯೋಗವೂ ಕೋರ್ಟಿಗೇ ಹೋಗಿತ್ತು. 1982ರಲ್ಲಿ ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಯಂತ್ರ ಇಟ್ಟರು, ಎ.ಸಿ. ಜೋಸ್ 123 ಮತಗಳಿಂದ ಸೋತರು. ಯಂತ್ರಕ್ಕೆ ಕಾನೂನಿನ ಆಧಾರವಿಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟ್ ಮರುಮತದಾನ ಮಾಡಿಸಿತು, ಜೋಸ್ ಗೆದ್ದರು. ಕಾನೂನು ತಿದ್ದುಪಡಿ ಜಾರಿಗೆ ಬಂದದ್ದು 1989ರಲ್ಲಿ. ಗಾಜಿನ ಹಿಂದೆ ಏಳು ಸೆಕೆಂಡು ಕಾಣುವ ವಿವಿಪ್ಯಾಟ್ ಚೀಟಿ 2013ರದು, ಮೊದಲು ನಾಗಾಲ್ಯಾಂಡಿನ ನೋಕ್ಸೆನ್‌ನಲ್ಲಿ.

ಚೀಟಿಯಲ್ಲಿ ಬೇರೆ ಹೆಸರು ಕಂಡರೆ ದೂರಬಹುದು, 49ಎಂಎ ನಿಯಮವಿದೆ. ಬರಹದಲ್ಲಿ ದೂರು ಕೊಟ್ಟು ಪರೀಕ್ಷಾ ಮತ ಹಾಕಬೇಕು; ದೂರು ಸುಳ್ಳೆಂದು ತೋರಿದರೆ ಶಿಕ್ಷೆಯಿದೆ. ಏಳು ಸೆಕೆಂಡಿನಲ್ಲಿ ಕಂಡು ಮಾಯವಾದದ್ದಕ್ಕೆ ಅಷ್ಟು ಧೈರ್ಯ ಯಾರಿಗಿದೆ? ಟೆಂಡರ್ಡ್ ವೋಟಿಗೆ ಈ ಹೆದರಿಕೆ ಇಲ್ಲ. ಮತಗಟ್ಟೆ ಮುಚ್ಚುವಾಗ ಏಜೆಂಟರ ಕೈಗೆ ಬರುವ ನಮೂನೆ 17ಸಿಯ ಪ್ರತಿಯಲ್ಲಿ ಒಟ್ಟು ಮತದ ಜೊತೆಗೆ ಅದರ ಲೆಕ್ಕವೂ ಇರುತ್ತದೆ.